ಆನುಪೂರ್ವಿಯ ಪ್ರಶ್ನೆ: ಫೈಲುಗಳ ಸಾಗಣೆ ಮತ್ತು ಗ್ರಂಥದ ಅನನ್ಯತೆ

ಒಂದು ಗ್ರಂಥವು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿದಾಗ ಅಲ್ಲಿಗೆ ತಲುಪಿದ್ದು ಅದೇ ಗ್ರಂಥವೋ ಅದರಂತಿರುವ ಬೇರೊಂದೋ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದವು. ತಾಳೆಗರಿಯ ಹಸ್ತಪ್ರತಿಗಳು ಕಂಪ್ಯೂಟರಿನ ಫೈಲುಗಳಾಗುತ್ತಿರುವ ಈ ಕಾಲದಲ್ಲಿ ಅದೇ ಪ್ರಶ್ನೆ ತಾಂತ್ರಿಕ ಆಯ್ಕೆಯ ರೂಪ ತಾಳಿ ಎದುರಾಗುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿರುವಂಥ ಓಲೆಕಟ್ಟುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 200 ಗರಿಗಳ ಒಂದು ಕಟ್ಟಿನ ಎರಡೂ ಬದಿಗಳ ಚಿತ್ರ ತೆಗೆದರೆ 400 ಚಿತ್ರಗಳಾಗುತ್ತವೆ. ಒಂದೊಂದು ಚಿತ್ರ 50 ಮೆಗಾಬೈಟ್ ಎಂದಿಟ್ಟುಕೊಂಡರೆ ಒಂದು ಕಟ್ಟಿಗೆ 20 ಗಿಗಾಬೈಟ್, 50 ಕಟ್ಟುಗಳಿಗೆ 1 ಟೆರಾಬೈಟ್ ಜಾಗ ಬೇಕು. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಇಂಟರ್ನೆಟ್ಟಿನಲ್ಲಿ ಇಷ್ಟನ್ನು ಮೈಸೂರಿಗೆ ಕಳಿಸಲು ನಾಲ್ಕೂವರೆ ದಿನಗಳಿಗೂ ಹೆಚ್ಚು ಹಿಡಿಯುತ್ತದೆ. ಹಾರ್ಡ್ ಡಿಸ್ಕಿಗೆ ತುಂಬಿಸಿ ಬಸ್ಸಿನಲ್ಲಿ ಒಯ್ದರೆ ಅದೇ ದಿನ ಕೆಲಸ ಮುಗಿಯುತ್ತದೆ. ಆದರೆ ಯಾವುದು ಬೇಗ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಗ್ರಂಥದ ಯಾವ ಅಂಶ ಉಳಿದರೆ ಅದು ಅದೇ ಗ್ರಂಥವೆನಿಸುತ್ತದೆ ಎಂಬುದನ್ನು ಮೊದಲು ನಿರ್ಧರಿಸದೆ ಸಾಗಣೆಯ ವಿಧಾನವನ್ನು ಆರಿಸಲು ಬರುವುದಿಲ್ಲ.

ಎಲ್ಲರ ಕೈಗೂ ಸುಲಭವಾಗಿ ಸಿಗುವ ವಾಟ್ಸಾಪ್‌ನಲ್ಲಿ ಚಿತ್ರವನ್ನು ಮಾಮೂಲಿನಂತೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಡುವುದೇ ಆ ಕುಗ್ಗಿಸುವಿಕೆಯ ತಂತ್ರ. ಮದುವೆಯ ಫೋಟೋಗೆ ಇದರಿಂದ ಹಾನಿಯಿಲ್ಲ. ಓಲೆಗರಿಯ ಸಂಗತಿ ಬೇರೆ: ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ತೀಡಿದ ಅಕ್ಷರಗಳಲ್ಲಿ ಮಸಿ ಅಳಿಸಿಹೋದ ಕಡೆ ಉಳಿದಿರುವುದು ಗೆರೆಯ ಸಣ್ಣ ನೆರಳು ಮಾತ್ರ, ‘ಪ’ಕಾರವೋ ‘ವ’ಕಾರವೋ ಎಂದು ತೀರ್ಮಾನಿಸಲು ಸಂಪಾದಕನಿಗೆ ಬೇಕಾದದ್ದೂ ಆ ನೆರಳೇ, ಯಂತ್ರವು ಅನಗತ್ಯವೆಂದು ಬಿಡುವುದೂ ಅದನ್ನೇ. ನೋಡುವುದಕ್ಕೆ ಒಂದೇ ಎನ್ನಿಸುವ ಎರಡು ಚಿತ್ರಗಳು ಹೀಗೆ ಎರಡು ಪಾಠಗಳಾಗಬಲ್ಲವು.

ಸಾಮ್ಯ ಬೇರೆ, ಅನನ್ಯತೆ ಬೇರೆ ಎಂಬ ಈ ಭೇದವನ್ನು ಮೀಮಾಂಸಕರು ಬಹು ಸ್ಪಷ್ಟವಾಗಿ ಕಂಡಿದ್ದರು. ಅವರ ಮತದಲ್ಲಿ ವರ್ಣಗಳು, ಅಂದರೆ ಅಕ್ಷರಧ್ವನಿಗಳು, ನಿತ್ಯ. ಅವು ಎಲ್ಲ ವಾಕ್ಯಗಳಿಗೂ ಸಮಾನ. ವೇದವನ್ನು ವೇದವಾಗಿಸುವುದು ಆ ವರ್ಣಗಳು ಒಂದರ ಹಿಂದೊಂದು ಬರುವ ನಿಯತ ಕ್ರಮ, ಅಂದರೆ ಆನುಪೂರ್ವಿ. ಮೇಲುಕೋಟೆಯ ಪರಂಪರೆಗೆ ಆಚಾರ್ಯರಾದ ರಾಮಾನುಜರು ಶ್ರೀಭಾಷ್ಯದಲ್ಲಿ ಇದನ್ನು ಮುಂದುವರಿಸಿ, ಪ್ರಳಯದ ನಂತರ ಈಶ್ವರನು ವೇದವನ್ನು ಹೊಸದಾಗಿ ರಚಿಸದೆ ಹಿಂದಿನ ಆನುಪೂರ್ವಿಯನ್ನೇ ಸ್ಮರಿಸಿಕೊಂಡು ಚತುರ್ಮುಖನಿಗೆ ಉಪದೇಶಿಸುತ್ತಾನೆ ಎನ್ನುತ್ತಾರೆ. ಲೋಕವೇ ಲಯವಾದರೂ ಕ್ರಮ ಉಳಿದರೆ ವೇದ ಉಳಿಯಿತು ಎಂಬ ಈ ನಿಲುವನ್ನು ಫೈಲಿನ ಸ್ವರೂಪಕ್ಕೆ ಹೊಂದಿಸಲು ಯಾವ ಎಳೆದಾಟವೂ ಬೇಕಿಲ್ಲ: ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳು ಎಲ್ಲ ಫೈಲುಗಳಿಗೂ ಸಮಾನವಾಗಿರುವಾಗ, ಒಂದು ಫೈಲನ್ನು ಮತ್ತೊಂದರಿಂದ ಬೇರ್ಪಡಿಸುವುದು ಅವುಗಳ ಕ್ರಮ ಮಾತ್ರ.

ಕ್ರಮವನ್ನು ಕಾಯುವ ಉಪಾಯವನ್ನೂ ವೈದಿಕರು ಪಾಠದೊಳಗೇ ಇಟ್ಟರು. ಘನಪಾಠದಲ್ಲಿ ಪದಗಳು 1-2, 2-1, 1-2-3, 3-2-1, 1-2-3 ಎಂಬ ರೀತಿಯಲ್ಲಿ ಹಿಂದುಮುಂದಾಗಿ ಆವರ್ತಿಸುವುದರಿಂದ ಒಂದು ಪದ ತಪ್ಪಿದರೆ ಪಕ್ಕದ ಆವೃತ್ತಿಯೇ ಅದನ್ನು ಬಯಲು ಮಾಡುತ್ತದೆ. ದೊಡ್ಡ ಫೈಲನ್ನು ತುಂಡುಗಳಾಗಿಸಿ, ಪ್ರತಿ ತುಂಡನ್ನೂ ಪರೀಕ್ಷಿಸಿ, ಕೆಟ್ಟದ್ದನ್ನಷ್ಟೇ ಮತ್ತೆ ತರಿಸಿಕೊಳ್ಳುವ ಟೊರೆಂಟ್ ವಿಧಾನದ ಹಿಂದಿರುವುದೂ ಸಾಗಿಸುವವನ ಶ್ರದ್ಧೆಯೊಂದನ್ನೇ ನಂಬಿ ಕೂರಬಾರದೆಂಬ ಎಚ್ಚರವೇ.

ತಲುಪಿದ್ದು ಅದೇ ಎಂದು ತಿಳಿಯುವುದು ಹೇಗೆ? ಇಲ್ಲಿ ಪ್ರಾಮಾಣ್ಯವಾದದ ಚರ್ಚೆ, ಅಂದರೆ ಜ್ಞಾನವು ನಿಜವೆಂಬುದು ಎಲ್ಲಿಂದ ಗೊತ್ತಾಗುತ್ತದೆ ಎಂಬ ಚರ್ಚೆ, ನೇರವಾಗಿ ನೆರವಿಗೆ ಬರುತ್ತದೆ. ನೈಯಾಯಿಕರ ಪ್ರಕಾರ ಪ್ರಾಮಾಣ್ಯವು ಪರತಃ, ಎಂದರೆ ಹೊರಗಿನ ಮತ್ತೊಂದು ಸಾಧನದಿಂದ ತಿಳಿಯತಕ್ಕದ್ದು. ನೀರೆಂದು ತಿಳಿದು ಹೋದವನ ಬಾಯಾರಿಕೆ ತಣಿದರೆ ಆ ತಿಳಿವು ನಿಜ. ಫೈಲನ್ನು ತೆರೆದು ನೋಡಿ, ತೆರೆದುಕೊಂಡರೆ ಸರಿಯಿದೆ ಎನ್ನುವುದು ಇದೇ ಪರೀಕ್ಷೆ. ಆದರೆ ಕೆಲವೇ ಅಂಕಗಳು ಕೆಟ್ಟ ಚಿತ್ರವೂ ತೆರೆದುಕೊಳ್ಳುತ್ತದೆ. ಆದ್ದರಿಂದ ಹ್ಯಾಶ್ ಎಂಬ ಸಾಧನ ಬೇಕಾಗುತ್ತದೆ. ಎಸ್‌ಎಚ್‌ಎ-256 ಎಂಬ ಗಣಿತವಿಧಾನವು ಎಷ್ಟೇ ದೊಡ್ಡ ಫೈಲಿನಿಂದಲೂ 64 ಅಕ್ಷರಗಳ ಒಂದು ಗುರುತನ್ನು ಹೊರಡಿಸುತ್ತದೆ. ಒಂದು ಅಂಕ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಎರಡೂ ಕಡೆ ಬೇರೆಬೇರೆಯಾಗಿ ಲೆಕ್ಕಹಾಕಿದ ಗುರುತುಗಳು ಕೂಡಿಬಂದರೆ ಫೈಲು ಅದೇ. ಮೀಮಾಂಸಕರ ಆಕ್ಷೇಪ ಇಲ್ಲಿಯೂ ಏಳುತ್ತದೆ: ಹ್ಯಾಶ್ ಲೆಕ್ಕಹಾಕಿದ ಯಂತ್ರವನ್ನು ಪರೀಕ್ಷಿಸುವವರು ಯಾರು, ಆ ಪರೀಕ್ಷೆಯನ್ನು ಪರೀಕ್ಷಿಸುವವರು ಯಾರು ಎಂದು ಹೊರಟರೆ ಕೊನೆಯಿಲ್ಲದ ಅನವಸ್ಥೆ. ಜ್ಞಾನವು ಸ್ವತಃ ಪ್ರಮಾಣವೆಂದೂ, ಬಾಧಕವಾದ ಮತ್ತೊಂದು ಜ್ಞಾನ ಬಂದರೆ ಮಾತ್ರ ಅದನ್ನು ಬಿಡಬೇಕೆಂದೂ, ಪರೀಕ್ಷೆ ಮೂರು ನಾಲ್ಕು ಜ್ಞಾನಗಳ ಆಚೆಗೆ ಬೆಳೆಯಬೇಕಾಗಿಲ್ಲವೆಂದೂ ಮೀಮಾಂಸಕನಾದ ಕುಮಾರಿಲಭಟ್ಟ ಹೇಳಿದ್ದು ಕೆಲಸಕ್ಕೆ ಬರುವ ಮಾತು. ಬಸ್ಸಿನಲ್ಲಿ ಹೋದ ಡಿಸ್ಕಾಗಲಿ ತಂತಿಯಲ್ಲಿ ಹೋದ ಫೈಲಾಗಲಿ, ಹೊರಡುವ ಮೊದಲೊಮ್ಮೆ, ತಲುಪಿದ ಮೇಲೊಮ್ಮೆ, ಭಂಡಾರದಲ್ಲಿ ನೆಲೆಯಾದ ಮೇಲೊಮ್ಮೆ ಹ್ಯಾಶ್ ನೋಡಿದರೆ ಸಾಕು. ಕಾರಣವಿಲ್ಲದ ಶಂಕೆಗೆ ಅದರಾಚೆ ಎಡೆಯಿಲ್ಲ.

ಎರಡು ಡಿಸ್ಕುಗಳ ನಡುವೆ ‘ಸ್ಥಳಾಂತರ’ ಎಂದು ಕರೆಯುವ ಕ್ರಿಯೆಯು ವಾಸ್ತವದಲ್ಲಿ ನಕಲು ಮತ್ತು ಅಳಿಸುವಿಕೆ ಎಂಬ ಎರಡು ಕ್ರಿಯೆಗಳ ಜೋಡಿ; ಹ್ಯಾಶ್ ಕೂಡಿಬರುವ ಮುನ್ನ ಎರಡನೆಯದು ನಡೆಯಕೂಡದು. ವಸ್ತುಗಳ ಲೋಕದಲ್ಲಿ ಹೀಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಗ್ರಂಥಭಂಡಾರವನ್ನು ಕಲ್ಕತ್ತೆಗೂ ಲಂಡನ್ನಿಗೂ ಸಾಗಿಸಲಾಯಿತು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸುವ ಹೊತ್ತಿಗೆ ಕಾವೇರಿಯ ದ್ವೀಪದಲ್ಲಿ ಆ ಭಂಡಾರವೇ ಇರಲಿಲ್ಲ. ಅಲ್ಲಿ ಪಡೆದವರಿದ್ದರು, ಕಳೆದುಕೊಂಡ ಊರೂ ಇತ್ತು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಗಳು ನೆನಪಿಸುವ ಜೈನ ಪರಂಪರೆಯ ಶಾಸ್ತ್ರದಾನದ ಕಲ್ಪನೆ ಇದಕ್ಕೆ ಪೂರ್ತಿ ಎದುರಾದದ್ದು: ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯಲ್ಲಿ ಕೊಟ್ಟವರಿಗೂ ಪಡೆದವರಿಗೂ ನಷ್ಟವೆಂಬುದೇ ಇಲ್ಲ. ಫೈಲಿನ ಸಾಗಣೆ ಸ್ವಭಾವತಃ ಈ ದಾನದ ಜಾತಿಗೆ ಸೇರಿದ್ದು, ಅದನ್ನು ಹಾಗೆಯೇ ನಡೆಸುವುದು ಧರ್ಮ.

ಕ್ರಮವೊಂದರಿಂದಲೇ ಎಲ್ಲವೂ ಸಾಗುತ್ತದೆಯೇ ಎಂಬುದು ಉಳಿದ ಪ್ರಶ್ನೆ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಿಚ್ಚಿ, ಕಲ್ಲುಗಳಿಗೆ ಗುರುತು ಹಾಕಿ, ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯ ಬಳಿ ಅದೇ ಕ್ರಮದಲ್ಲಿ ಮತ್ತೆ ಜೋಡಿಸಲಾಗಿದೆ. ಜಾತಿಯೆಂದರೆ ಅವಯವಗಳ ಸಂಸ್ಥಾನ, ಎಂದರೆ ಜೋಡಣೆಯ ರೀತಿ, ಎನ್ನುವ ರಾಮಾನುಜರ ಮತದ ಜಾಡಿನಲ್ಲಿ ನೋಡಿದರೆ ಕಟ್ಟಡ ಅದೇ ಎನ್ನಲು ಅಡ್ಡಿಯಿಲ್ಲ. ಆಗಮಗಳು ಮಾತ್ರ ಅಷ್ಟಕ್ಕೆ ಒಪ್ಪುವುದಿಲ್ಲ: ಜೀರ್ಣೋದ್ಧಾರದ ವೇಳೆ ಬಿಂಬದಲ್ಲಿರುವ ಸಾನ್ನಿಧ್ಯವನ್ನು ಕಲಾಕರ್ಷಣವೆಂಬ ವಿಧಿಯಿಂದ ಕುಂಭದ ಜಲಕ್ಕೆ ಸೆಳೆದು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ನಿಲ್ಲದಂತೆ ನಡೆಸಿ, ಕೆಲಸ ಮುಗಿದ ಮೇಲೆ ಮತ್ತೆ ಬಿಂಬಕ್ಕೆ ತುಂಬಬೇಕು. ಕಲ್ಲಿನ ಕ್ರಮಕ್ಕೆ ಸಿಗದ ಏನೋ ಒಂದು ಇದೆ, ಅದಕ್ಕೆ ಬೇರೆಯೇ ಸಾಗಣೆ ಬೇಕು ಎಂಬುದು ಈ ವಿಧಿಯ ಆಶಯ. ಓಲೆಕಟ್ಟಿನ ವಿಷಯದಲ್ಲಿಯೂ 64 ಅಕ್ಷರದ ಗುರುತು ಚಿತ್ರದ ಕ್ರಮಕ್ಕೆ ಸಾಕ್ಷಿಯೇ ಹೊರತು ಗರಿಗಲ್ಲ. ಛಾಯಾಗ್ರಾಹಕನ ಕೈಯಲ್ಲಿ ಒಂದು ಗರಿ ತಪ್ಪಿಹೋಗಿದ್ದರೆ ಹ್ಯಾಶ್ ಆ ಲೋಪವನ್ನೂ ನಿಷ್ಠೆಯಿಂದ ಕಾಪಾಡುತ್ತದೆ. ಫೈಲುಗಳು ಸುರಕ್ಷಿತವಾಗಿ ತಲುಪಿದವೆಂಬ ಕಾರಣಕ್ಕೆ ಗರಿಗಳ ಪಾಲನೆಗೆ ಹಣ ಏಕೆ ಎಂದು ಕೇಳುವವರಿಗೆ ಆಗಮದಲ್ಲಾಗಲಿ ಮೀಮಾಂಸೆಯಲ್ಲಾಗಲಿ ಬೆಂಬಲ ಸಿಗುವುದಿಲ್ಲ.