ಪಟ್ಟಿ ಬರೆಯುವ ಮೊದಲು

ಧಾರವಾಡ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ತಿಂಗಳು ತುಂಬುವುದರೊಳಗೆ ಅವರ ಹೆಸರಿನಲ್ಲಿ ಏನಾದರೂ ಉಳಿಯಬೇಕೆಂದು ಊರಿನವರು ಗುಡಿಯ ಪೌಳಿಯಲ್ಲಿ ಸೇರಿದರು. ಅರ್ಧ ಪ್ರತಿಮೆ ಮಾಡಿಸೋಣ ಎಂದರು ಒಬ್ಬರು. ವರ್ಷಕ್ಕೊಮ್ಮೆ ಅಹೋರಾತ್ರಿ ಸಂಗೀತ ನಡೆಸೋಣ ಎಂದರು ಇನ್ನೊಬ್ಬರು. ಸಂಗೀತವೇ ಸರಿ ಎಂದು ನಿಶ್ಚಯವಾಯಿತು. ದೇಣಿಗೆಯ ಪಟ್ಟಿ ಬರೆಯಲು ಹಾಳೆ ತೆಗೆದಾಗ ಅವರ ಮಡದಿ ಮನೆಯಿಂದ ನಾಲ್ಕು ಉದ್ರಿ ವಹಿಗಳನ್ನು ತಂದು ಆ ಹಾಳೆಯ ಪಕ್ಕದಲ್ಲಿ ಇಟ್ಟರು. “ಮೊದಲ ಇವನ್ನ ಓದ್ರಿ. ಆಮ್ಯಾಲೆ ಪಟ್ಟಿ ಬರೀರಿ” ಎಂದರು.

ಊರಿನ ಹೆಸರನ್ನೂ ಜನರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಈ ನಾಲ್ಕರಲ್ಲಿ ಯಾವ ಊರಿನವರು ಇದನ್ನು ತಮ್ಮದೆಂದುಕೊಂಡು ಓದಿದರೂ ನಷ್ಟವಿಲ್ಲ. ಆ ಸಭೆಯಲ್ಲಿ ಕೂತಿದ್ದವರಿಂದ, ವಹಿಯಲ್ಲಿ ಹೆಸರಿದ್ದವರಿಂದ, ಆ ತಾಯಿಯಿಂದ ಕೇಳಿದ್ದನ್ನೆಲ್ಲ ಕೂಡಿಸಿ ಬರೆಯುತ್ತಿದ್ದೇನೆ.

ಅಂಗಡಿ ಬಜಾರದ ಓಣಿಯಲ್ಲಿತ್ತು, ಎರಡು ಬಾಗಿಲಿನ ಅಗಲದ್ದು. ಹಾರ್ಮೋನಿಯಂ, ತಬಲಾ-ಡಗ್ಗಾ, ತಾಳ, ಜಾಂಜು, ದಮ್ಮಡಿ, ಏಕತಾರಿ. ಕ್ಯಾಸೆಟ್ಟಿನ ಕಾಲ ಬಂದ ಮೇಲೆ ಗೋಡೆಯ ತುಂಬ ಕ್ಯಾಸೆಟ್ಟು. ಮಾರಾಟಕ್ಕಿಂತ ರಿಪೇರಿಯೇ ಹೆಚ್ಚು. ಇಲಿ ಕಡಿದ ಭಾತೆಗೆ ತೊಗಲು ಹಚ್ಚುವುದು, ಧೂಳು ಕೂತು ಮೂಕವಾದ ಸ್ವರವನ್ನು ಬಿಡಿಸುವುದು, ಶ್ರುತಿ ತಪ್ಪಿದ ಹಿತ್ತಾಳೆಯ ನಾಲಿಗೆಯನ್ನು ಕೆರೆದು ಸರಿಪಡಿಸುವುದು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಒಂದು ಎಳೆ ಹೆಚ್ಚಾದರೆ ಆ ನಾಲಿಗೆ ಕೆಲಸಕ್ಕೆ ಬರುವುದಿಲ್ಲ. ಆ ಕೆಲಸದಲ್ಲಿ ಅವರ ಕೈಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಶ್ರಾವಣ ಹತ್ತಿರವಾದಂತೆ ಭಜನಿಯವರು ಟಂಟಂನಲ್ಲಿ ಹಾರ್ಮೋನಿಯಂ ಪೇಟಿಗಳನ್ನು ಹೇರಿಕೊಂಡು ಬರುತ್ತಿದ್ದರು. ತಿಂಗಳಿಡೀ ಗುಡಿಯಲ್ಲಿ ಹಾಡಬೇಕು, ಪೇಟಿ ಬಿಟ್ಟರೆ ಹಾಡಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋದಿಂದ ದೂರ ಇಟ್ಟಿತ್ತು. ನಮ್ಮ ಹಳ್ಳಿಗಳು ಆಗಲೂ ಅದನ್ನು ಬಿಟ್ಟಿರಲಿಲ್ಲ.

ಅಂಗಡಿಗೆ ಕೊಳ್ಳದವರೂ ಬರುತ್ತಿದ್ದರು. ಸಾಲಿ ಬಿಟ್ಟ ಹುಡುಗರು ಕಟ್ಟೆಯ ಮೇಲೆ ಕೂತು ಹಾಡು ಕೇಳುತ್ತಿದ್ದರು, ಅವರನ್ನು ಎಬ್ಬಿಸಿ ಕಳಿಸಿದ್ದು ಯಾರಿಗೂ ನೆನಪಿಲ್ಲ. ಇದು ಸಣ್ಣ ಉಪಕಾರ ಎಂದು ತಿಳಿಯಬಾರದು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದವರಂತಾಗಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟರು. ಊರೂರು ಅಲೆದು ಕಡೆಗೆ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತರು. ಕಿವಿಗೆ ಹಾಡು ಬೀಳುವ ಒಂದು ಜಾಗ ಊರಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಆ ಊರಿಗೆ ಅಂಥ ಜಾಗ ಈ ಅಂಗಡಿಯಾಗಿತ್ತು. ಊರು ಅವರನ್ನು ಪ್ರೀತಿಸಿದ್ದು ಸುಳ್ಳಲ್ಲ.

ಇನ್ನು ವಹಿಯ ಮಾತು. ನಮ್ಮ ಕಡೆ ಒಕ್ಕಲುತನದ ರೊಕ್ಕ ಸುಗ್ಗಿಗೆ ಬರುತ್ತದೆ. ಹೆಸರು, ಹತ್ತಿ, ಮೆಣಸಿನಕಾಯಿ, ಕಡಲೆ ಮಾರಿದ ಮೇಲೆಯೇ ಕಿರಾಣಿ, ಬಟ್ಟೆ, ಬೀಜ-ಗೊಬ್ಬರದ ಬಾಕಿ ತೀರುವುದು. ವಾದ್ಯದ ಅಂಗಡಿಯಲ್ಲೂ ಅದೇ ರೂಢಿ. ಮಳೆ ಕೈಕೊಟ್ಟ ವರ್ಷ ಬಾಕಿ ಮುಂದಿನ ಸುಗ್ಗಿಗೆ ಹೋಗುತ್ತದೆ. 2001ರಿಂದ ಮೂರು ವರ್ಷ ಸಾಲಾಗಿ ಬರ ಬಿತ್ತು. 2009ರಲ್ಲಿ ಮತ್ತು 2019ರಲ್ಲಿ ನೆರೆ ಬಂತು. ಆ ವರ್ಷಗಳಲ್ಲಿ ಪೇಟಿಯ ರೊಕ್ಕ ಕೊಡಲಾಗದೆ ಹೋದ ರೈತನನ್ನು ನಾನು ದೂರುವುದಿಲ್ಲ. ಹೊಲ ಹೋದವನ ಮನೆಯಲ್ಲಿ ಮೊದಲು ಬೇಯಬೇಕಾದದ್ದು ಅನ್ನ.

ವಹಿಯನ್ನು ತಿರುವಿದಾಗ ಕಂಡದ್ದು ಬೇರೆ. ಬರದ ವರ್ಷದ ಬಾಕಿಗಳಲ್ಲಿ ಬಹಳಷ್ಟಕ್ಕೆ ಎದುರಿಗೆ ‘ಮುಟ್ಟಿತು’ ಎಂದು ಬರೆದಿತ್ತು, ತಡವಾಗಿಯಾದರೂ. ಮುಟ್ಟದೆ ಉಳಿದ ದೊಡ್ಡ ಮೊತ್ತಗಳು ಎರಡು ಬಗೆಯವು. ಒಂದು, ಮಂಡಳಿಗಳ ಹೆಸರಿನವು. ಭಜನಿ ಮಂಡಳಿಯ ಲೆಕ್ಕದಲ್ಲಿ ಪೇಟಿ ಒಯ್ಯುವಾಗ ಹತ್ತು ಮಂದಿ ಬಂದಿರುತ್ತಾರೆ. ಕೊಡುವ ಹೊತ್ತಿಗೆ ಅಧ್ಯಕ್ಷ ಬದಲಾಗಿರುತ್ತಾನೆ, ಖಜಾಂಚಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿರುತ್ತಾನೆ. ಉಳಿದವರೆಲ್ಲ ಪ್ರಾಮಾಣಿಕವಾಗಿಯೇ ಇನ್ನೊಬ್ಬ ಕೊಟ್ಟಿದ್ದಾನೆ ಎಂದುಕೊಂಡಿರುತ್ತಾರೆ. ಹತ್ತು ಜನರ ಸಾಲ ಯಾರ ಸಾಲವೂ ಅಲ್ಲದ ಹಾಗೆ ಆಗಿಬಿಡುತ್ತದೆ.

ಎರಡನೆಯ ಬಗೆಯವು ಕೊಡುಗೆಯ ವಾದ್ಯಗಳು. ಅನುಕೂಲಸ್ಥರೊಬ್ಬರು ಜಾತ್ರೆಯ ಹೊತ್ತಿಗೆ ಗುಡಿಗೆ ಹಾರ್ಮೋನಿಯಂ ಮಾಡಿಸಿ ಕೊಟ್ಟಿದ್ದರು. ಪೇಟಿಯ ಮುಂಬದಿಯಲ್ಲಿ ಅವರ ಹೆಸರನ್ನೂ ತಂದೆಯ ಹೆಸರನ್ನೂ ಬಣ್ಣದಲ್ಲಿ ಬರೆಯಿಸಿದ್ದಾಯಿತು, ಗುಡಿಯಲ್ಲಿ ಶಾಲು ಹೊದಿಸಿದ್ದೂ ಆಯಿತು. ಪೇಟಿಯ ಹಣ ಮಾತ್ರ ಅಂಗಡಿಗೆ ಬರಲಿಲ್ಲ. ಬಣ್ಣದ ಬರಹದ ಕೂಲಿಯನ್ನು ಕೂಡ ಅಂಗಡಿಯವರೇ ಕೊಟ್ಟಿದ್ದರು. ವಹಿಯಲ್ಲಿ ಅದು ಪ್ರತ್ಯೇಕವಾಗಿ ನಮೂದಾಗಿತ್ತು. ಹೆಸರು ಸಭೆಯವರಿಗೆ ಗೊತ್ತಾದಾಗ ಆ ಅನುಕೂಲಸ್ಥರು ಕೊಟ್ಟ ಉತ್ತರ ಇದು: “ನಾ ಕೊಟ್ಟಿದ್ದು ದೇವರಿಗೆ. ದೇವರ ಮುಂದ ಯಾಪಾರದ ಲೆಕ್ಕ ಯಾಕ ತರತೀರಿ?” ಸಂಗೀತ ಕಾರ್ಯಕ್ರಮಕ್ಕೆ ಅವರು ಅಂದೇ ದೊಡ್ಡ ಮೊತ್ತ ಘೋಷಿಸಿದರು. ಆ ಮೊತ್ತ ಪೇಟಿಯ ಬಾಕಿಗಿಂತ ಹೆಚ್ಚಿತ್ತು. ಅಂದರೆ ಕೊಡುವ ಶಕ್ತಿ ಇತ್ತು. ಕೊಟ್ಟದ್ದು ನಾಲ್ಕು ಜನಕ್ಕೆ ಕಾಣುವಂತಿದ್ದರೆ ಕೈ ಬಿಚ್ಚುತ್ತದೆ, ಮುಚ್ಚಿದ ವಹಿಯೊಳಗಿನ ಒಂದು ಸಾಲಿಗೆ ಬಿಚ್ಚುವುದಿಲ್ಲ. ದಾನಿ ಎನ್ನಿಸಿಕೊಳ್ಳುವ ಆಸೆ ಸಾಲಗಾರನೆಂಬ ಅರಿವನ್ನು ಇಷ್ಟು ಪೂರ್ತಿಯಾಗಿ ಅಳಿಸಬಲ್ಲದು ಎಂಬುದೇ ನನಗೆ ಈ ಪ್ರಕರಣದಲ್ಲಿ ಹೆಚ್ಚು ನೋವು ತಂದ ಸಂಗತಿ.

ಅಂಗಡಿಯವರನ್ನೂ ಪರೀಕ್ಷಿಸದೆ ಬಿಟ್ಟರೆ ನ್ಯಾಯವಾಗದು. ಅವರು ಕೇಳಲಿಲ್ಲ. ಮಡದಿ ನೆನಪಿಸಿದಾಗಲೆಲ್ಲ “ಕೊಡತಾರ ಬಿಡ, ಎಲ್ಲಿ ಹೊಕ್ಕಾರ?” ಎನ್ನುತ್ತಿದ್ದರು. ಮಾಲು ತರಿಸಲು ಕೈಗಡ ಮಾಡಿದರು. ಅದನ್ನು ತೀರಿಸಲು ಮಡದಿಯ ಬಂಗಾರವನ್ನು ಸಹಕಾರಿ ಸಂಘವೊಂದರಲ್ಲಿ ಒತ್ತೆ ಇಟ್ಟರು. ಬಡ್ಡಿ ಬೆಳೆಯಿತು. ತೀರಿಕೊಂಡ ಮೇಲೆ ಸಂಘದಿಂದ ಲಿಲಾವಿನ ನೋಟಿಸು ಬಂತು. ಸಂಘದ ಕಾರ್ಯದರ್ಶಿ ಅವಧಿ ಮುಗಿದ ಮೇಲೂ ಎರಡು ಸಲ ತಡೆದಿದ್ದರು. ಮೂರನೆಯ ಸಲ ತಡೆದರೆ ಲೆಕ್ಕ ತಪಾಸಣೆಯಲ್ಲಿ ತಾವು ಉತ್ತರ ಹೇಳಬೇಕು ಎಂದರು. ಅವರದು ಕಲ್ಲೆದೆ ಎಂದು ಓಣಿಯವರು ಆಡಿಕೊಂಡರು. ಆ ಸಂಘದಲ್ಲಿರುವುದು ಇನ್ನೂ ನೂರಾರು ಹೆಣ್ಣುಮಕ್ಕಳ ಉಳಿತಾಯದ ಹಣ. ಅದನ್ನು ಕಾಯುವವರು ಕಲ್ಲೆದೆಯವರಾದರೆ, ವಹಿ ತುಂಬ ಬಾಕಿ ಉಳಿಸಿಕೊಂಡ ನಾವು ಯಾವ ಎದೆಯವರು?

ಊರಿಗೆ ಉದಾರವಾಗಿ ಕೊಟ್ಟಿದ್ದು ಅಂಗಡಿಯವರು. ಅದರ ಬೆಲೆ ತೆತ್ತಿದ್ದು ಮಡದಿ, ಅವರನ್ನು ಒಂದು ಮಾತು ಕೇಳದೆ. ಒಳ್ಳೆಯವರು ಎನ್ನಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ, ಆ ಸುಖದ ಖರ್ಚನ್ನು ಅವರು ಮನೆಯ ಲೆಕ್ಕಕ್ಕೆ ಹಾಕಿದರು. ಕಾಯಕ-ದಾಸೋಹ ಎಂಬುದು ಈ ನೆಲದ ಮಾತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಮನೆಯಲ್ಲಿ ಅಳತೆ ಹೆಂಡತಿಯ ಕೈಯಲ್ಲಿತ್ತು, ಗಂಡ ಆ ಅಳತೆಗೆ ತಲೆಬಾಗಿದ. ಈ ಮನೆಯಲ್ಲಿ ಹೆಂಡತಿ ಅಳೆದು ಹೇಳಿದ್ದು ಮಾತಾಗಿಯೇ ಉಳಿಯಿತು.

ಇನ್ನೊಂದು ಸಂಗತಿ ಇದೆ. ಸುತ್ತಲಿನ ಹಳ್ಳಿಯ ಒಬ್ಬ ತತ್ವಪದದ ಹಾಡುಗಾರನನ್ನು ಕೂಡಿಸಿಕೊಂಡು ಅವರು ಎರಡು ಕ್ಯಾಸೆಟ್ಟು ಮುದ್ರಿಸಿದ್ದರು. ಕಳಸದ ಗೋವಿಂದ ಭಟ್ಟರ, ಶಿಶುನಾಳ ಶರೀಫರ ನೆಲ ಇದು; ತತ್ವಪದಕ್ಕೆ ಕೇಳುವವರ ಕೊರತೆಯಿಲ್ಲ. ಕ್ಯಾಸೆಟ್ಟು ಚೆನ್ನಾಗಿ ಹೋಯಿತು. ಹಾಡಿದವನಿಗೆ ಸಿಕ್ಕಿದ್ದು ಒಂದು ಧೋತರ ಮತ್ತು ಹಂಚಲು ಕೆಲವು ಪ್ರತಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ ಹಾಡುವವನಿಗೂ ಹಕ್ಕು ಬಂತು. ಆ ಓಣಿಯಲ್ಲಿ ಆ ಸುದ್ದಿ ಯಾರಿಗೂ ಮುಟ್ಟಿರಲಿಲ್ಲ, ಮುಟ್ಟಿದ್ದರೂ ಹಾಡುಗಾರ ಕೇಳುತ್ತಿರಲಿಲ್ಲ. ಅಂಗಡಿಯವರು ಕೂಡ ಇನ್ನೊಬ್ಬರ ವಹಿಯಲ್ಲಿ ಬಾಕಿದಾರರೇ. ಆ ವಹಿಯನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

ಸಭೆಗೆ ಮರಳೋಣ. ನಿವೃತ್ತ ಮಾಸ್ತರರೊಬ್ಬರು ಎದ್ದು, “ಅಕ್ಕಾರ, ಹೆಸರು ಓದಿ ಮಂದಿ ಮರ್ಯಾದಿ ಕಳೀಬ್ಯಾಡ್ರಿ. ಅವರು ಇದ್ದಾಗ ಒಬ್ಬರನ್ನೂ ಕೇಳಿದವರಲ್ಲ” ಎಂದರು. ಆ ತಾಯಿ ಹೇಳಿದ್ದು: “ಗುರುಗಳ, ಮರ್ಯಾದಿ ನಮಗೂ ಐತ್ರಿ. ನನ್ನ ಬಂಗಾರ ಲಿಲಾವಿಗೆ ಬಂದೈತಿ.” ಮಾಸ್ತರರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಹತ್ತು ಜನರ ಎದುರು ಒಬ್ಬ ಬಡವನ ಹೆಸರು ಓದಿದರೆ ಅವನು ಸಾಲ ತೀರಿಸಬಹುದು, ಮತ್ತೆ ಗುಡಿಗೆ ಬರಲಿಕ್ಕಿಲ್ಲ.

ವಕೀಲರೊಬ್ಬರು ಕಾಯ್ದೆ ಹೇಳಿದರು. 1963ರ ಕಾಲಮಿತಿ ಕಾಯ್ದೆಯಂತೆ ಮಾಲಿನ ಬಾಕಿಗೆ ಮೂರು ವರ್ಷ. ಅದು ಮುಗಿದ ಮೇಲೆ ದಾವೆ ನಡೆಯದು. ವಹಿಯ ಬಹುಪಾಲು ಸಾಲುಗಳು ಅದನ್ನು ದಾಟಿದ್ದವು. ಸಭೆಯಲ್ಲಿ ಕೆಲವರ ಮುಖ ಹಗುರವಾಯಿತೆಂದು ಅಲ್ಲಿದ್ದವರೇ ಹೇಳಿದರು. ಆದರೆ ವಕೀಲರು ಅಷ್ಟಕ್ಕೇ ನಿಲ್ಲಿಸಲಿಲ್ಲ, ಅದು ಅವರ ದೊಡ್ಡತನ. ಕಾಲ ಮುಗಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ, ಸಾಲ ಸಾಯುವುದಿಲ್ಲ. 1872ರ ಕರಾರು ಕಾಯ್ದೆಯ 25ನೆಯ ಕಲಮಿನಂತೆ ಅಂಥ ಸಾಲವನ್ನು ಕೊಡುತ್ತೇನೆಂದು ಈಗ ಬರೆದು ಸಹಿ ಮಾಡಿದರೆ ಅದು ಹೊಸ ಕರಾರೇ ಆಗುತ್ತದೆ ಎಂದು ವಿವರಿಸಿದರು. ಅಂದರೆ ಕಾಯ್ದೆ ಒತ್ತಾಯವನ್ನು ಹಿಂದೆಗೆದುಕೊಂಡು, ಕೊಡುವ ಅವಕಾಶವನ್ನು ಸಾಲಗಾರನ ಕೈಯಲ್ಲಿ ಬಿಟ್ಟಿದೆ.

ಹೆಸರನ್ನು ಓದುವುದು ಬೇಡ, ಒಬ್ಬೊಬ್ಬರನ್ನೇ ಕರೆದು ಅವರವರ ಪುಟ ತೋರಿಸೋಣ, ಒಪ್ಪಿದವರು ಸಹಿ ಮಾಡಲಿ ಎಂದು ತೀರ್ಮಾನವಾಯಿತು. ಒಳ್ಳೆಯ ತೀರ್ಮಾನ. ಕೆಲವರು ಅದೇ ವಾರ ಕೊಟ್ಟರು. ಹೆಣ್ಣುಮಕ್ಕಳ ಒಂದು ಭಜನಿ ಮಂಡಳಿ ತಮ್ಮ ಸಂಘದ ಉಳಿತಾಯದಿಂದ ಪೂರ್ತಿ ತೀರಿಸಿತು. ಹಲವರು ಸಹಿ ಮಾಡಿ ಸುಗ್ಗಿಗೆ ಎಂದರು. ಇನ್ನು ಕೆಲವರು ತಮಗೆ ನೆನಪಿಲ್ಲ ಎಂದರು, ಅವರಲ್ಲಿ ಒಬ್ಬಿಬ್ಬರಿಗೆ ನಿಜವಾಗಿಯೂ ನೆನಪಿರಲಿಕ್ಕಿಲ್ಲ. ಪೇಟಿಯ ಮೇಲೆ ಹೆಸರು ಬರೆಯಿಸಿದವರು ಪುಟ ನೋಡಲು ಬರಲಿಲ್ಲ. ಅವರ ದೇಣಿಗೆಯನ್ನು ಸಮಿತಿ ತೆಗೆದುಕೊಂಡಿತು. ಇದು ತಪ್ಪು ಎಂದು ನನ್ನ ಖಚಿತವಾದ ಅಭಿಪ್ರಾಯ. ಆ ಹಣವನ್ನು ಮೊದಲು ವಹಿಯ ಬಾಕಿಗೆ ಜಮಾ ಮಾಡಿ, ಉಳಿದದ್ದನ್ನು ಮಾತ್ರ ದೇಣಿಗೆ ಎಂದು ಬರೆಯುವ ಧೈರ್ಯ ಸಮಿತಿಗೆ ಇರಬೇಕಾಗಿತ್ತು.

ಆ ಸಮಿತಿಯಲ್ಲಿ ಕೂತಿದ್ದರೆ ನಾವು ಬೇರೆ ರೀತಿ ನಡೆಯುತ್ತಿದ್ದೆವೇ? ಮನ್ಸೂರರು, ಗಂಗೂಬಾಯಿಯವರು, ರಾಜಗುರುಗಳು ನಮ್ಮವರು ಎಂದು ಎದೆ ತಟ್ಟಿಕೊಳ್ಳುವ ಜಿಲ್ಲೆ ನಮ್ಮದು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕೂತು ಕೇಳಿದವರಿಗೆ, ಟಿಕೆಟ್ಟಿಲ್ಲದೆ ಸಂಗೀತ ಕೇಳುವುದು ಈ ಮಣ್ಣಿನ ಹಕ್ಕು ಎಂಬಂತೆ ಅನ್ನಿಸಿಬಿಟ್ಟಿರುತ್ತದೆ. ಆ ರೂಢಿ ದೊಡ್ಡದು, ಅದು ಉಳಿಯಲಿ. ಆದರೆ ಪುಕ್ಕಟೆ ಕೇಳಿದ ಪ್ರತಿ ಹಾಡಿನ ಹಿಂದೆ ಯಾರೋ ಒಬ್ಬರು ಅಡಿಗೆ ಮಾಡಿಸಿದ್ದಾರೆ, ಯಾರೋ ಜಮಖಾನೆ ಹಾಸಿದ್ದಾರೆ, ಯಾರೋ ಶ್ರುತಿ ಕೂಡಿಸಿದ್ದಾರೆ. ಬಡಿಗೇರನಿಗೆ ಬಾಗಿಲಿನ ಕೂಲಿ ಕೊಡದೆ ಇರಲು ನಾಚುವ ನಾವು, ಪೇಟಿ ರಿಪೇರಿ ಮಾಡಿದವರಿಗೆ “ಏನ್ ಕೈ ರೀ ನಿಮ್ದು!” ಎಂದು ಹೊಗಳಿ ಎದ್ದು ಬರುತ್ತೇವೆ. ಹೊಗಳಿಕೆಯನ್ನು ಕೂಲಿಯ ಬದಲಿಗೆ ಕೊಟ್ಟೆವೆಂಬುದು ನಮಗೇ ತಿಳಿದಿರುವುದಿಲ್ಲ.

ಬಂಗಾರದಲ್ಲಿ ಅರ್ಧದಷ್ಟು ಬಿಡಿಸಿಕೊಳ್ಳಲು ಸಾಧ್ಯವಾಯಿತು, ಉಳಿದದ್ದು ಲಿಲಾವಾಯಿತು. ಸಂಗೀತ ಕಾರ್ಯಕ್ರಮ ನಡೆಯಿತು, ಜನ ಬೆಳಗಿನವರೆಗೂ ಕೂತರು.

ಅಂಗಡಿಯಲ್ಲಿ ಚಿಕ್ಕಂದಿನಿಂದ ಕೆಲಸಕ್ಕಿದ್ದ ಒಬ್ಬ ಹುಡುಗನ ಲೆಕ್ಕ ಬಾಕಿ ಇದೆ. ಕಡೆಯ ವರ್ಷಗಳಲ್ಲಿ ಯಜಮಾನರ ಕಣ್ಣು ಮಂಜಾದಾಗ ಸ್ವರ ಕೆರೆಯುವ ಕೆಲಸವನ್ನೆಲ್ಲ ಅವನೇ ಮಾಡುತ್ತಿದ್ದ. ಪಗಾರ ಎಷ್ಟೋ ತಿಂಗಳು ನಿಂತಿತ್ತು. ಬರಬೇಕಾದದ್ದನ್ನೆಲ್ಲ ಬರೆದಿಟ್ಟ ಆ ನಾಲ್ಕು ವಹಿಗಳಲ್ಲಿ ಕೊಡಬೇಕಾದ ಈ ಬಾಕಿ ಎಲ್ಲಿಯೂ ಇಲ್ಲ. ಅವನು ಬಂದು ಕೇಳಿದಾಗ ಆ ತಾಯಿ ಅಂಗಡಿಯ ಸಾಮಾನಿನ ಪೆಟ್ಟಿಗೆಯನ್ನು ಕೊಟ್ಟು, “ಇದನ್ನ ಇಟಗೋ ತಮ್ಮಾ, ರೊಕ್ಕ ನನ್ನ ಹತ್ರ ಇಲ್ಲ” ಎಂದರು. ಅವರಿಗಾದ ಅನ್ಯಾಯ ಅವರ ಕೈಯಿಂದಲೇ ಇನ್ನೊಬ್ಬನಿಗೆ ದಾಟಿತು. ಅವರ ಸ್ಥಿತಿ ನೋಡಿದರೆ ಕಠಿಣವಾಗಿ ಮಾತಾಡಲು ನಾಲಿಗೆ ಏಳದು, ಹಾಗೆಂದು ಹುಡುಗನ ಬಾಕಿ ಚುಕ್ತಾ ಆಯಿತೆನ್ನಲೂ ಬಾರದು. ಸಮಿತಿ ಮುಂದಿನ ವರ್ಷದ ಪಟ್ಟಿ ಎತ್ತುವ ಮೊದಲು ಕೂತು ಅವನ ಪಗಾರದ ಲೆಕ್ಕ ಮಾಡಬೇಕು. ಅವನ ಹತ್ತಿರ ಕಾಗದವಿಲ್ಲ. ಅವನು ದಿನಾ ಎಷ್ಟು ಹೊತ್ತಿಗೆ ಅಂಗಡಿ ತೆರೆಯುತ್ತಿದ್ದ, ಎಷ್ಟು ವರ್ಷ ತೆರೆದ ಎಂದು ಹೇಳಬಲ್ಲ ಚಹಾದಂಗಡಿಯವರೂ ಟೇಲರೂ ಅದೇ ಓಣಿಯಲ್ಲಿದ್ದಾರೆ, ಅವರನ್ನು ಕರೆದು ಕೇಳಲಿ.