ಕೆಲಸ ಇರಲಿ, ಯಜಮಾನಿಕೆ ಬಿಡೋಣ

ಬೆಂಗಳೂರಿನ ಐಟಿ ಕ್ಯಾಂಟೀನ್‌ಗಳಲ್ಲಿ ಇತ್ತೀಚೆಗೆ ಪದೇಪದೇ ಕಿವಿಗೆ ಬೀಳೋ ಮಾತು: "ನಲವತ್ತೈದಕ್ಕೆ ರಿಟೈರ್ ಆಗ್ಬಿಡ್ಬೇಕು ಗುರು." ಲೆಕ್ಕ ಎಲ್ಲರಿಗೂ ಬಾಯಿಪಾಠ. ವರ್ಷದ ಖರ್ಚಿನ 25 ಪಟ್ಟು ದುಡ್ಡು ಕೂಡಿಟ್ಟರೆ ಆಯ್ತು. ವರ್ಷಕ್ಕೆ 12 ಲಕ್ಷ ಬೇಕಾದವರಿಗೆ 3 ಕೋಟಿ. ಈ ಸೂತ್ರ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ಷೇರುಪೇಟೆಯ ಇತಿಹಾಸ ನೋಡಿ, ಸುಮಾರು 30 ವರ್ಷದ ನಿವೃತ್ತ ಜೀವನಕ್ಕೆ ಅಂತ. ನಲವತ್ತೈದಕ್ಕೆ ಬಿಟ್ಟು ಎಂಬತ್ತೈದರವರೆಗೆ ಬದುಕಿದರೆ 40 ವರ್ಷ ಆಗುತ್ತಲ್ಲ ಅನ್ನೋದು ಒಂದು ಪ್ರಶ್ನೆ. ಆದರೆ ನನ್ನ ತಕರಾರು ಲೆಕ್ಕದ ಬಗ್ಗೆ ಅಲ್ಲ. ಯಾವಾಗ ಬಿಡಬಹುದು ಅಂತ ಎಕ್ಸೆಲ್ ಶೀಟು ಹೇಳುತ್ತೆ. ಏನನ್ನು ಬಿಡಬೇಕು ಅಂತ ಹೇಳಲ್ಲ.

ಹಾಸನದ ಹತ್ತಿರದ ನಮ್ಮ ಕೊರವಂಗಲಕ್ಕೆ ಜನ 1173ರ ಬೂಚೇಶ್ವರ ದೇವಸ್ಥಾನ ನೋಡೋಕೆ ಬರ್ತಾರೆ. ಸುತ್ತಲಿನ ಹೊಲಗಳಲ್ಲಿ ಎಪ್ಪತ್ತು ದಾಟಿದವರು ಕೆಲಸ ಮಾಡ್ತಿರೋದು ಇಲ್ಲಿ ಯಾರಿಗೂ ವಿಶೇಷ ಅನ್ನಿಸಲ್ಲ. ರಾಜ್ಯ ಸರ್ಕಾರಿ ನೌಕರನಿಗೆ 60 ಅಂತ ಗೆರೆ ಇದೆ, ಪಿಎಫ್ ಪಿಂಚಣಿಗೆ 58. ರೈತನಿಗೆ ಅಂಥ ಗೆರೆ ಇಲ್ಲ. ಹಾಗಂತ ರೈತ ನಿವೃತ್ತಿಯೇ ಆಗಲ್ಲ ಅನ್ನೋದೂ ಸರಿಯಲ್ಲ. ಈ ಸಲ ಆಲೂಗಡ್ಡೆ ಹಾಕೋದೋ ಮುಸುಕಿನ ಜೋಳ ಹಾಕೋದೋ ಅಂತ ಯಾವತ್ತು ಮಗ ತೀರ್ಮಾನ ಮಾಡ್ತಾನೋ, ಅವತ್ತೇ ಅಪ್ಪನ ನಿವೃತ್ತಿ. ಮಾರನೇ ದಿನವೂ ಅಪ್ಪ ದನಕ್ಕೆ ಹುಲ್ಲು ಹಾಕ್ತಾನೆ, ಬದುವಿನ ಮೇಲೆ ಓಡಾಡ್ತಾನೆ. ಕೆಲಸ ಉಳಿಯಿತು, ಯಜಮಾನಿಕೆ ಹೋಯಿತು.

ಎಷ್ಟೋ ಮನೆಗಳಲ್ಲಿ ಆ ದಿನ ಬರೋದೇ ಇಲ್ಲ. ಹಾಸನದ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿದು, ಜಲಂಧರ್‌ನಿಂದ ತರಿಸಿದ ಬಿತ್ತನೆ ಗೆಡ್ಡೆಯ ಖರ್ಚೂ ಹುಟ್ಟದೇ ಹೋದ ವರ್ಷಗಳಲ್ಲಿ ಬೆಳೆ ಬದಲಿಸೋಣ ಅಂದ ಮಕ್ಕಳಿದ್ದರು. ಆದರೆ ಪಹಣಿ ಅಪ್ಪನ ಹೆಸರಲ್ಲಿ, ಸಾಲಕ್ಕೆ ಸಹಿ ಅಪ್ಪನದು. ನಲವತ್ತಾದರೂ ಅವನು ಆ ಮನೆಯಲ್ಲಿ 'ಹುಡುಗ'. ಹಿರಿಯರು ಬಿಡದೇ ಹಿಡಿದುಕೊಂಡಿದ್ದಕ್ಕೆ ಬೆಲೆ ಕಟ್ಟೋದು ಕಿರಿಯರು. ಆಫೀಸಿನಲ್ಲೂ ಅಷ್ಟೇ. ಇಪ್ಪತ್ತು ವರ್ಷದ ಅನುಭವ ಇರೋರು ಕೋಡ್ ರಿವ್ಯೂ ಮಾಡಿದರೆ ಟೀಮಿಗೆ ಲಾಭ. ಪ್ರತಿ ಡಿಸೈನಿಗೂ ಅವರ ಅಪ್ಪಣೆ ಬೇಕು ಅಂದ್ರೆ ಉಳಿದವರು ಬೆಳೆಯೋದೇ ನಿಲ್ಲುತ್ತೆ.

ನಮ್ಮ ಜಿಲ್ಲೆಯವರೇ ಆದ ಎಸ್.ಎಲ್. ಭೈರಪ್ಪನವರನ್ನು ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. 1991ರಲ್ಲಿ ಮೇಷ್ಟ್ರ ಕೆಲಸದಿಂದ ನಿವೃತ್ತರಾದರು. ಆ ಗೆರೆ ಎಳೆದದ್ದು ಸರ್ವಿಸ್ ರೂಲ್ಸ್. ಆಮೇಲೆ 'ಸಾರ್ಥ', 'ಮಂದ್ರ', 'ಆವರಣ' ಬಂದವು. 2017ರ 'ಉತ್ತರಕಾಂಡ'ದ ನಂತರ ಇನ್ನು ಕಾದಂಬರಿ ಸಾಕು ಎಂದರು. ಈ ಎರಡನೇ ಗೆರೆಯನ್ನು ಎಳೆದುಕೊಂಡವರು ಅವರೇ. ಕೊನೆಯ ವರ್ಷಗಳಲ್ಲಿ ಹುಟ್ಟೂರಿನ ಕೆರೆಗೆ ನೀರು ಬರಲಿ ಅಂತ ಸರ್ಕಾರದ ಬೆನ್ನುಹತ್ತಿದರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ವಿಚಾರಗಳನ್ನು ಒಪ್ಪದವರೂ ಇದನ್ನು ಒಪ್ಪಬಹುದು: ಹುದ್ದೆ ಹೋದಮೇಲೂ ಕೆಲಸ ಇರುತ್ತೆ, ಕೆಲಸವನ್ನೂ ಒಂದು ದಿನ ತಾನಾಗಿ ನಿಲ್ಲಿಸಬಹುದು.

ಹಾಗಂತ "ದುಡಿಯುತ್ತಲೇ ಇರಿ, ಆರೋಗ್ಯವಾಗಿರ್ತೀರಿ" ಅಂತ ಎಲ್ಲರಿಗೂ ಉಪದೇಶ ಮಾಡೋದು ಅನ್ಯಾಯ. ಶುಂಠಿ ಹೊಲದಲ್ಲಿ ಬಗ್ಗಿ ಕಳೆ ಕೀಳೋ ಅರವತ್ತೈದರ ಅಜ್ಜಿ ಅರ್ಥ ಹುಡುಕಿಕೊಂಡು ಬಂದಿಲ್ಲ, ಕೂಲಿಗೆ ಬಂದಿದಾಳೆ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಸಿಗೋದು 1,200 ರೂಪಾಯಿ. ಅಷ್ಟರಲ್ಲಿ ಯಾರು ಮನೇಲಿ ಕೂರೋಕಾಗುತ್ತೆ? ನಿಲ್ಲಿಸೋ ಶಕ್ತಿ ಇದ್ದವರು ಮುಂದುವರಿದರೆ ಮಾತ್ರ ಅದು ಆಯ್ಕೆ. ಆದ್ದರಿಂದ ಆ 25 ಪಟ್ಟಿನ ಲೆಕ್ಕವನ್ನು ನಾನು ಗೇಲಿ ಮಾಡಲ್ಲ. ಅದು ನಿಲ್ಲಿಸೋ ಶಕ್ತಿ ಕೊಡುತ್ತೆ, ಅಷ್ಟು ಸಾಕು.

ಊರಲ್ಲಿರೋ ಅಪ್ಪ-ಅಮ್ಮನಿಗೆ ನಾವು ಫೋನಲ್ಲಿ "ಸಾಕು ಬಿಡಿ, ಆರಾಮಾಗಿರಿ" ಅಂತೀವಿ. "ಹೊಲ ಬಿಟ್ಟು ಗೋಡೆ ನೋಡ್ಕೊಂಡು ಕೂತ್ಕೊಳ್ಳೇನ್ಲಾ?" ಅಂತ ಬೈಸ್ಕೋತೀವಿ. ನಾವು ಕಾಳಜಿಯಿಂದ ಹೇಳಿದ್ದು ಅವರಿಗೆ "ನೀವಿನ್ನು ಬೇಡ" ಅಂತ ಕೇಳಿಸಿರುತ್ತೆ. ಅದರ ಬದಲು ತಿಂಗಳ ಖರ್ಚು ಅವರ ಕೈಗೆ ಹಾಕಿ, "ಯಾವ ಕೆಲಸ ಇಟ್ಕೋತೀರಿ, ಯಾವ ತಲೆನೋವು ನಮಗೆ ಕೊಡ್ತೀರಿ?" ಅಂತ ಕೇಳೋಣ.

ಅದೇ ಪ್ರಶ್ನೆ ನಮಗೂ ಬೇಕು. ನಲವತ್ತೈದಕ್ಕೋ ಅರವತ್ತಕ್ಕೋ, ವಯಸ್ಸು ಅವರವರಿಗೆ ಬಿಟ್ಟಿದ್ದು. ಡೆಸಿಗ್ನೇಷನ್ ಕಿತ್ತುಹಾಕಿದರೂ, ಯಾರೂ ಸಾರ್ ಅನ್ನದಿದ್ದರೂ ಮಾಡಬೇಕು ಅನ್ನಿಸೋ ಕೆಲಸ ಒಂದಾದರೂ ಇದೆಯಾ ಅಂತ ಈಗಲೇ ನೋಡ್ಕೊಳ್ಳೋದು ಒಳ್ಳೇದು. ಅದನ್ನು ಎಸ್ಐಪಿ ಹಾಕಿ ಕೂಡಿಡೋಕೆ ಬರಲ್ಲ.