ಖಳನ ಸಂತಾನ

ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ರಾವಣನು ಕೈಲಾಸಪರ್ವತವನ್ನು ಎತ್ತುತ್ತಿರುವ ಶಿಲ್ಪವೊಂದುಂಟು. ಯಾವನನ್ನು ಕೊಲ್ಲದೆ ರಾಮಾಯಣವು ಮುಗಿಯದೊ, ಅವನೇ ಇಲ್ಲಿ ಶಿವಸನ್ನಿಧಿಯಲ್ಲಿ ನೆಲಸಿದ್ದಾನೆ. ಮೊನ್ನೆ ಅದರ ಮುಂದೆ ನಿಂತಾಗ, ಆ ಬೆಳಗ್ಗೆ ನಮ್ಮ ಮನೆಯ ತರುಣರಲ್ಲಿ ನಡೆದ ವಾಗ್ವಾದವೊಂದು ನೆನಪಿಗೆ ಬಂದಿತು.

ವಾದದ ವಿಷಯವು 1977ರಲ್ಲಿ ಮೊದಲಾದ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಚಿತ್ರಮಾಲೆ. ಅದರಲ್ಲಿ ಪಾಲ್ಪಟೀನ್ ಎಂಬ ದುಷ್ಟ ಚಕ್ರವರ್ತಿಯಿದ್ದಾನೆ. ರೇ ಎಂಬ ನಾಯಿಕೆಯ ತಾಯಿತಂದೆಗಳು ಹೆಸರಿಲ್ಲದ ಸಾಮಾನ್ಯರೆಂದು 2017ರ ಚಿತ್ರವು ಹೇಳಿತು. ಅವಳು ಆ ಚಕ್ರವರ್ತಿಯ ಮೊಮ್ಮಗಳೆಂದು 2019ರ ಚಿತ್ರವು ಹೇಳಿತು. ಇವೆರಡಕ್ಕೂ ಹೊಂದಿಕೆ ಹೇಗೆ, ಆ ಖಳನಿಗೆ ಬೇರೆ ಸಂತಾನವುಂಟೆ ಎಂದು ಹುಡುಗರು ಕಾಗದದ ಮೇಲೆ ವಂಶವೃಕ್ಷವನ್ನು ಬರೆಯುತ್ತಿದ್ದರು. ಹುಡುಗಾಟವೆಂದು ನಕ್ಕುಬಿಡಬಹುದು. ಆದರೆ ನಮ್ಮ ಪೂರ್ವಿಕರು ಮಾಡಿದುದೂ ಇದನ್ನೇ ಅಲ್ಲವೆ?

ರಾವಣನು ಹೀಗೇಕಾದನು? ಕೈಕಸಿಯು ದಾರುಣವಾದ ಹೊತ್ತಿನಲ್ಲಿ ವಿಶ್ರವಸನ ಬಳಿಗೆ ಬಂದುದರಿಂದ ಕ್ರೂರಸಂತಾನವಾಯಿತೆಂದು ಉತ್ತರಕಾಂಡವು ಹೇಳುತ್ತದೆ. ಆ ಕಾಂಡವೇ ಅನಂತರ ಸೇರಿದುದೆಂದು ಅನೇಕ ವಿದ್ವಾಂಸರ ಮತ. ಭಾಗವತದ ಪ್ರಕಾರ ಅವನು ವೈಕುಂಠದ ದ್ವಾರಪಾಲಕ. ಶಾಪದಿಂದ ಮೂರು ಜನ್ಮ ಹಗೆಯಾಗಿ ಹುಟ್ಟಿದವನು. ಜೈನರಲ್ಲಿ ಅವನು ವಿದ್ಯಾಧರ. ಗುಣಭದ್ರನ ಉತ್ತರಪುರಾಣದಲ್ಲಿಯೂ ನಮ್ಮ ಜನಪದ ಕಥೆಯೊಂದರಲ್ಲಿಯೂ ಸೀತೆಯು ಅವನ ಮಗಳು. ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಲಾಗದು. ಆದರೂ ಜನ ಹೊಸ ಪೂರ್ವಕಥೆಗಳನ್ನು ಕಟ್ಟುತ್ತಲೇ ಬಂದಿದ್ದಾರೆ. ಏಕೆಂದರೆ ಕಾರಣವಿಲ್ಲದ ಕೇಡನ್ನು ಮನಸ್ಸು ಸಹಿಸಲಾರದು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕಾರಣವು ತಿಳಿದರೆ ತಪ್ಪು ಕಡಮೆಯಾಗುವುದೆ? ತಪ್ಪು ಸಂತಾನಕ್ಕೆ ಇಳಿಯುವುದೆ?

ಮೊದಲನೆಯದಕ್ಕೆ ನಾಗಚಂದ್ರನ ರಾಮಚಂದ್ರಚರಿತಪುರಾಣವು ಬೆಳಕು ಕೊಡುತ್ತದೆ. ಅಲ್ಲಿನ ರಾವಣನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ಹಿಡಿದವನು. ಸೀತೆಯಲ್ಲಿ ಮನಸೋತು ಕೆಟ್ಟವನು, ಕಡೆಗೆ ಪಶ್ಚಾತ್ತಾಪಪಟ್ಟವನು. ಬಿ. ಎಂ. ಶ್ರೀಕಂಠಯ್ಯನವರು ಅವನಲ್ಲಿ ದುರಂತನಾಯಕನನ್ನೇ ಕಂಡರು. ಆದರೆ ಪಶ್ಚಾತ್ತಾಪಪಟ್ಟ ಮೇಲೂ ಅವನು ಒಡನೆ ಸೀತೆಯನ್ನು ಒಪ್ಪಿಸಲಿಲ್ಲ. ಯುದ್ಧದಲ್ಲಿ ಗೆದ್ದು ಕೀರ್ತಿಯನ್ನು ಪಡೆದು ಬಳಿಕ ಒಪ್ಪಿಸುವೆನೆಂದು ನಿಶ್ಚಯಿಸಿದನು. ಅವನನ್ನು ಅರಿತಷ್ಟೂ ನಮ್ಮ ಕರುಣೆ ಹೆಚ್ಚುತ್ತದೆ. ಆದರೂ ಅಂದೇ ಒಪ್ಪಿಸಬಹುದಾಗಿತ್ತು ಎಂಬ ಮಾತು ಉಳಿದೇ ಉಳಿಯುತ್ತದೆ. ಕಾರಣವು ಕರುಣೆಯನ್ನು ಕೊಡುತ್ತದೆ, ಹೊಣೆಯನ್ನು ತೆಗೆದುಹಾಕುವುದಿಲ್ಲ. ಕೈಕಸಿಯ ಗರ್ಭದಲ್ಲಿಯೇ ವಿಭೀಷಣನೂ ಹುಟ್ಟಿದನಷ್ಟೆ.

ಎರಡನೆಯ ಪ್ರಶ್ನೆಗೆ ಹಿರಣ್ಯಕಶಿಪುವಿನ ವಂಶವನ್ನು ನೋಡೋಣ. ಅವನ ಮಗ ಪ್ರಹ್ಲಾದ; ಪ್ರಹ್ಲಾದನ ಮೊಮ್ಮಗ ಬಲಿ. ದೀಪಾವಳಿಯ ಪಾಡ್ಯದಂದು ನಾವು ನೆನೆಯುವುದು ಈ ಬಲಿಯನ್ನೇ. ಮಗನಿಂದಾಗಿ ಅವನ ಹಿಂದಿನ ಇಪ್ಪತ್ತೊಂದು ತಲೆಮಾರಿನ ಪಿತೃಗಳು ಪಾವನರಾದರೆಂದು ಭಾಗವತದಲ್ಲಿ ನರಸಿಂಹನು ನುಡಿಯುತ್ತಾನೆ. ತಂದೆಯ ಪಾಪ ಮಗನಿಗೆ ಇಳಿಯುವ ಬದಲು ಮಗನ ಪುಣ್ಯ ತಂದೆಗೆ ಏರಿತು. ಮುಂದೆ ಬಲಿಯ ಮಗ ಬಾಣಾಸುರನನ್ನು ಕೃಷ್ಣನು ಕೊಲ್ಲದೆ ಬಿಟ್ಟುದಕ್ಕೆ ಪ್ರಹ್ಲಾದನಿಗೆ ಕೊಟ್ಟ ವರವೇ ಕಾರಣ.

ಪಾಪವು ಇಳಿಯದೆಂದ ಮೇಲೆ ಪುಣ್ಯವಾದರೂ ಏಕೆ ಇಳಿಯಬೇಕು ಎಂದು ಯಾರಾದರೂ ಆಕ್ಷೇಪಿಸಬಹುದು. ಸಮಾಧಾನವಿಷ್ಟು: ತಂದೆಯ ಮೇಲಣ ಪ್ರೀತಿಗಾಗಿ ಮಗನಿಗೆ ಹಣ್ಣು ಕೊಟ್ಟರೆ ಯಾರಿಗೂ ಅನ್ಯಾಯವಿಲ್ಲ, ತಂದೆಯ ಮೇಲಣ ಕೋಪಕ್ಕಾಗಿ ಮಗನನ್ನು ಹೊಡೆದರೆ ಅದು ಅನ್ಯಾಯ. ದಾನಕ್ಕೆ ಅರ್ಹತೆ ಬೇಕಿಲ್ಲ, ದಂಡನೆಗೆ ಅಪರಾಧ ಬೇಕು.

ಇದು ಪುರಾಣದ ಮಾತು ಮಾತ್ರವಲ್ಲ. 1871ರಲ್ಲಿ ಆಂಗ್ಲ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, ಎಷ್ಟೋ ಕುಲಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬಗೆಯಿತು. ಆ ಬಗೆಯ ಕಾಯಿದೆ ದೇಶದಲ್ಲಿ ಪೂರ್ಣವಾಗಿ ರದ್ದಾದದ್ದು 1952ರಲ್ಲಿ. ತೊಟ್ಟಿಲಲ್ಲಿದ್ದ ಕೂಸಿಗೂ ಅಜ್ಜನ ಹೆಸರಿನ ಕಳಂಕ ಅಂಟಿತ್ತು.

ಸರಕಾರವನ್ನು ದೂರುವುದು ಸುಲಭ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯ ಹುಡುಗಿಗೆ ಒಂದು ಸಂಬಂಧ ಬಂದಿತು. ವರನು ಸುಶೀಲ, ವಿದ್ಯಾವಂತ. ವಿಚಾರಿಸಿದಾಗ ಅವನ ತಾತನು ಲೆಕ್ಕದ ಹಣವನ್ನು ನುಂಗಿ ಸೆರೆಮನೆಗೆ ಹೋಗಿದ್ದನೆಂದು ತಿಳಿಯಿತು. ಹಿರಿಯನೆಂದು ನನ್ನನ್ನು ಕೇಳಿದರು. ‘ಮನೆತನವನ್ನು ನೋಡಬೇಕಷ್ಟೆ’ ಎಂದೆ. ಆ ಒಂದು ಮಾತಿನಿಂದ ಸಂಬಂಧ ಮುರಿಯಿತು. ತಾತನು ಸತ್ತಾಗ ಆ ಹುಡುಗನಿನ್ನೂ ಹುಟ್ಟಿಯೇ ಇರಲಿಲ್ಲ. ನಾನು ಪ್ರತಿವರ್ಷ ಪ್ರಹ್ಲಾದನ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದವನು!

ಗುಡಿಯಿಂದ ಮರಳಿದಾಗ ಹುಡುಗರ ವಾದ ಇನ್ನೂ ಮುಗಿದಿರಲಿಲ್ಲ. ಕಡೆಗೆ ಆ ರೇ ಎಂಬವಳು ಏನಾದಳೆಂದು ಕೇಳಿದೆನು. ಯಾರೋ ಹೆಸರು ಕೇಳಲು, ತಾತನ ಹೆಸರನ್ನು ಬಿಟ್ಟು, ತನಗೆ ವಿದ್ಯೆ ಕಲಿಸಿದವರ ಮನೆತನದ ಹೆಸರನ್ನು ಹೇಳಿಕೊಂಡಳಂತೆ. ‘ಅದು ಅವಳ ಹೆಸರಲ್ಲವಲ್ಲ, ಅದು ಸರಿಯೆ ತಾತ?’ ಎಂದು ಕಿರಿಯವನು ಕೇಳಿದನು. ಸರಿ ಎಂದೆನು. ಇದನ್ನು ಅಂದೇ ಆ ಬಂಧುಗಳಿಗೆ ಹೇಳಬೇಕಾಗಿತ್ತು.